ಕೊಟ್ಟಿಗೆಯ ಸುತ್ತಿನ ಎರಡು ದೊಡ್ಡ ನೊಣಗಳು

ಕಾವೇರಿ ನೀರುಣ್ಣುವ ಗದ್ದೆಗಳ ನಡುವೆ, ಮನೆಗೆ ತಾಗಿಯೇ ದನದ ಕೊಟ್ಟಿಗೆಯಿರುವ ಸೋಮನಾಥಪುರದಂಥ ಊರುಗಳಲ್ಲಿ ಮನೆನೊಣಕ್ಕಿಂತ ಬಹಳ ದೊಡ್ಡದಾದ ಎರಡು ನೊಣಗಳನ್ನು ಗುರುತಿಸಬೇಕಾಗುತ್ತದೆ: ಕೀಟಗಳನ್ನೇ ಹಿಡಿದು ತಿನ್ನುವ ದರೋಡೆ ನೊಣ ಮತ್ತು ದನಕರುಗಳ ರಕ್ತ ಹೀರುವ ಕುದುರೆ ನೊಣ. ಎರಡೂ ಗುಂಯ್‌ಗುಡುತ್ತಾ ಹಾರುವುದರಿಂದ ಎರಡಕ್ಕೂ ಒಂದೇ ಪೆಟ್ಟು ಬೀಳುತ್ತದೆ.

ಆಸಿಲಿಡೇ ಕುಟುಂಬದ ದರೋಡೆ ನೊಣಗಳಲ್ಲಿ 7,000ಕ್ಕೂ ಹೆಚ್ಚು ಪ್ರಭೇದಗಳಿವೆ. ಉಬ್ಬಿದ ಎರಡು ಕಣ್ಣುಗಳ ನಡುವೆ ನೆತ್ತಿ ತಗ್ಗಾಗಿರುವುದು, ಮುಖದ ಮೇಲೆ ಗಡ್ಡದಂತೆ ಒರಟು ರೋಮದ ಕುಚ್ಚಿರುವುದು ಮತ್ತು ಬಹುತೇಕ ಪ್ರಭೇದಗಳಲ್ಲಿ ಹೊಟ್ಟೆ ಹಿಂದಕ್ಕೆ ಸಪೂರವಾಗುತ್ತ ಹೋಗುವುದು ಇವುಗಳ ಗುರುತು. ಬೇಲಿಯ ಕಡ್ಡಿಯ ಮೇಲೋ ಕಾದ ನೆಲದ ಮೇಲೋ ಹೊಂಚುಹಾಕಿ ಕೂತ ಈ ನೊಣ, ಹಾರಿಹೋಗುವ ನೊಣ, ಜೇನು, ದುಂಬಿಗಳನ್ನು ಗಾಳಿಯಲ್ಲೇ ಮುಳ್ಳುಗಾಲುಗಳಿಂದ ಹಿಡಿದು, ಗಟ್ಟಿ ಸೊಂಡಿಲಿನಿಂದ ಚುಚ್ಚಿ ಜೊಲ್ಲು ಬಿಡುತ್ತದೆ. ಜೊಲ್ಲಿನಿಂದ ಬೇಟೆ ಮರಗಟ್ಟಿ ಒಳಗಿನ ಅಂಗಗಳು ಕರಗಿದ ಮೇಲೆ ರಸ ಹೀರಿ, ಬರಿಯ ಚಿಪ್ಪನ್ನು ಕೆಳಗೆ ಬೀಳಿಸುತ್ತದೆ. ಕೈಯಲ್ಲಿ ಹಿಡಿದರೆ ಹೊರತು ಮನುಷ್ಯರನ್ನು ಚುಚ್ಚುವುದಿಲ್ಲ. ಜೇನು ಸಾಕುವವರಿಗೆ ಇದರ ಮೇಲೆ ಸಿಟ್ಟಿದ್ದರೆ ಅದು ನ್ಯಾಯವೇ.

ಟಬಾನಿಡೇ ಕುಟುಂಬದ ಕುದುರೆ ನೊಣಕ್ಕೆ ಗಡ್ಡವೂ ಇಲ್ಲ, ನೆತ್ತಿಯ ತಗ್ಗೂ ಇಲ್ಲ. ಮೈ ದಪ್ಪ, ತಲೆ ಅಗಲ, ತಲೆಯ ಬಹುಪಾಲು ಕಣ್ಣೇ. ಹಲವು ಪ್ರಭೇದಗಳಲ್ಲಿ ಹಸಿರು ಕಣ್ಣಿಗೆ ನೇರಳೆ ಪಟ್ಟೆಗಳಿರುತ್ತವೆ, ಆದರೆ ಸತ್ತು ಒಣಗಿದಾಗ ಬಣ್ಣ ಮಾಸಿಹೋಗುವುದರಿಂದ ಜೀವಂತ ನೊಣದಲ್ಲೇ ನೋಡಬೇಕು. ಗಂಡಿನ ಕಣ್ಣುಗಳು ನೆತ್ತಿಯಲ್ಲಿ ಕೂಡಿಕೊಂಡಿದ್ದರೆ ಹೆಣ್ಣಿನ ಕಣ್ಣುಗಳ ನಡುವೆ ಸಣ್ಣ ಪಟ್ಟಿಯೊಂದು ಉಳಿದಿರುತ್ತದೆ. ರಕ್ತ ಹೀರುವುದು ಹೆಣ್ಣು ಮಾತ್ರ, ಅದೂ ಮೊಟ್ಟೆಗಳ ಬೆಳವಣಿಗೆಗಾಗಿ. ಗಂಡು ಹೂವಿನ ಮಕರಂದದಲ್ಲೇ ಬದುಕುತ್ತದೆ.

ಹೆಣ್ಣು ನೊಣ ಚರ್ಮವನ್ನು ಕತ್ತರಿಸಿ, ಒಸರುವ ರಕ್ತವನ್ನು ನೆಕ್ಕುತ್ತದೆ. ನೋವಿಗೆ ದನ ಬಾಲ ಬೀಸಿ ಓಡಿಸಿದಾಗ, ಊಟ ಅರ್ಧಕ್ಕೆ ನಿಂತ ನೊಣ ರಕ್ತ ಅಂಟಿದ ಬಾಯಿಯಲ್ಲೇ ಪಕ್ಕದ ದನದ ಮೇಲೆ ಕೂರುವುದರಿಂದ ಸಾಕುಪ್ರಾಣಿಗಳಿಗೆ ಬರುವ ಸರ್ರಾ ರೋಗದ ಪರಾವಲಂಬಿ ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ. ಬ್ರಿಟಿಷ್ ಪಶುವೈದ್ಯ ಗ್ರಿಫಿತ್ ಇವಾನ್ಸ್ 1880ರಲ್ಲಿ ಅಂದಿನ ಪಂಜಾಬಿನ ಡೇರಾ ಇಸ್ಮಾಯಿಲ್ ಖಾನ್‌ನಲ್ಲಿ ಗುರುತಿಸಿದ್ದು ಇದೇ ಪರಾವಲಂಬಿಯನ್ನು.

ಸಗಣಿ ಎತ್ತಿ ಕೊಟ್ಟಿಗೆಯನ್ನು ಚೊಕ್ಕಟವಾಗಿಟ್ಟರೆ ಮನೆನೊಣ ಕಡಿಮೆಯಾದೀತೇ ಹೊರತು ಕುದುರೆ ನೊಣವಲ್ಲ. ಅದರ ಮರಿಹುಳುಗಳು ಬೆಳೆಯುವುದು ಹೆಚ್ಚಾಗಿ ನಾಲೆ, ಗದ್ದೆಯಂಚುಗಳ ಹಸಿ ಕೆಸರಿನಲ್ಲಿ.