ಗಣಕಯಂತ್ರದೊಳಗೆ ಜೀವವಿಕಾಸ

ಬಿತ್ತನೆಗೆಂದು ಬೀಜವನ್ನು ಆರಿಸುವ ರೈತನು ಹೊಲದಲ್ಲಿ ಬಲಿತ ತೆನೆಗಳಲ್ಲಿ ಉತ್ತಮವಾದುವನ್ನು ಎತ್ತಿಡುತ್ತಾನೆ, ಜೊಳ್ಳನ್ನು ಕೈಬಿಡುತ್ತಾನೆ. ಕಾಳಿನೊಳಗೆ ಗುಣಗಳು ಹೇಗೆ ಅಡಗಿವೆಯೆಂಬುದನ್ನು ಅವನು ತಿಳಿದಿರಬೇಕಾದ ಅಗತ್ಯವಿಲ್ಲ. ವರ್ಷವರ್ಷವೂ ಆಯ್ಕೆ ನಡೆಯುತ್ತ ಬಂದರೆ ಸಾಕು, ತಳಿ ಸುಧಾರಿಸುತ್ತದೆ. ನಿಸರ್ಗವೂ ಇದೇ ಬಗೆಯ ಆಯ್ಕೆಯನ್ನು ನಡೆಸುತ್ತಿದೆಯೆಂಬುದನ್ನು ಚಾರ್ಲ್ಸ್ ಡಾರ್ವಿನ್ನನು 1859ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ತೋರಿಸಿಕೊಟ್ಟನು. ಈ ತತ್ತ್ವವನ್ನು ಯಂತ್ರವನ್ನು ರಚಿಸುವುದಕ್ಕೆ, ಅಥವಾ ಯಂತ್ರಕ್ಕೆ ಪಾಠ ಕಲಿಸುವುದಕ್ಕೆ ಬಳಸಬಹುದೆ? ಈ ಪ್ರಶ್ನೆಯನ್ನು ಹಿಡಿದು ದುಡಿಯುತ್ತಿರುವ ವಿಜ್ಞಾನಿಗಳ ಬಳಗವೊಂದು ಇಂದು ಜಗತ್ತಿನಾದ್ಯಂತ ಹಬ್ಬಿದೆ. ಆ ಬಳಗ ಹೇಗೆ ಕೂಡಿಬಂದಿತು, ಅದರ ಮುಖ್ಯವಾದ ಒಂದು ಆಲೋಚನೆ ಸೋಲಿನ ಅಂಚಿಗೆ ಹೋಗಿ ಹೇಗೆ ಉಳಿದುಕೊಂಡಿತು ಎಂಬುದನ್ನು ಇಲ್ಲಿ ನೋಡೋಣ.

ಬರ್ಲಿನ್ನಿನ ಕೀಲು ಹಲಗೆ

1964ರಲ್ಲಿ ಬರ್ಲಿನ್ನಿನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಇಂಗೊ ರೆಖೆನ್‌ಬರ್ಗ್, ಹಾನ್ಸ್ ಪೌಲ್ ಶ್ವೇಫೆಲ್ ಎಂಬ ತರುಣರು ಒಂದು ವಿಚಿತ್ರ ಪ್ರಯೋಗಕ್ಕೆ ಕೈಹಾಕಿದರು. ಆರು ಚಪ್ಪಟೆ ಪಟ್ಟಿಗಳನ್ನು ಐದು ಕೀಲುಗಳಿಂದ ಜೋಡಿಸಿದ ಹಲಗೆಯೊಂದನ್ನು ಗಾಳಿಸುರಂಗದಲ್ಲಿಟ್ಟು, ಅದು ಗಾಳಿಗೆ ಒಡ್ಡುವ ತಡೆ ಅತ್ಯಂತ ಕಡಮೆಯಾಗುವ ಆಕಾರವನ್ನು ಕಂಡುಹಿಡಿಯಬೇಕಾಗಿತ್ತು. ಪ್ರತಿಯೊಂದು ಕೀಲನ್ನೂ 51 ಸ್ಥಾನಗಳಲ್ಲಿ ನಿಲ್ಲಿಸಬಹುದು. ಹೀಗಾದರೆ ಆಕಾರಗಳ ಸಂಖ್ಯೆ ಎಷ್ಟು? 51ನ್ನು ಐದು ಸಲ ಗುಣಿಸಿದರೆ 34,50,25,251 ಆಗುತ್ತದೆ. ನಿಮಿಷಕ್ಕೊಂದರಂತೆ ಹಗಲಿರುಳೂ ಪರೀಕ್ಷಿಸಿದರೂ ಎಲ್ಲವನ್ನೂ ನೋಡಿ ಮುಗಿಸಲು 650 ವರ್ಷಗಳಿಗೂ ಮಿಕ್ಕು ಹಿಡಿಯುವುದು.

ಅವರು ಅನುಸರಿಸಿದ ಕ್ರಮ ಸರಳವಾದುದು. ಈಗಿರುವ ಆಕಾರದ ಕೀಲುಗಳನ್ನು ಗೊತ್ತುಗುರಿಯಿಲ್ಲದೆ ಒಂದಿಷ್ಟು ಕದಲಿಸುವುದು. ತಡೆ ಕಡಮೆಯಾದರೆ ಹೊಸ ಆಕಾರವನ್ನು ಇಟ್ಟುಕೊಳ್ಳುವುದು, ಇಲ್ಲವಾದರೆ ಹಳೆಯದಕ್ಕೆ ಮರಳುವುದು. ಎಷ್ಟು ಕದಲಿಸಬೇಕೆಂಬುದನ್ನು ತೀರ್ಮಾನಿಸುತ್ತಿದ್ದುದು ಗಾಲ್ಟನ್ ಹಲಗೆ. ಮೊಳೆಗಳ ಸಾಲುಗಳ ನಡುವೆ ಗೋಲಿಗಳು ಎಡಕ್ಕೋ ಬಲಕ್ಕೋ ತಿರುಗುತ್ತ ಇಳಿಯುವ ಈ ಸಾಧನದಲ್ಲಿ ಸಣ್ಣ ವಿಚಲನೆಗಳು ಹೆಚ್ಚು, ದೊಡ್ಡವು ವಿರಳ. ಜೀವಿಗಳಲ್ಲಿ ಪೀಳಿಗೆಯಿಂದ ಪೀಳಿಗೆಗೆ ಕಾಣುವ ಮಾರ್ಪಾಡುಗಳೂ ಬಹುಮಟ್ಟಿಗೆ ಹೀಗೆಯೇ ಅಲ್ಲವೆ?

ಅಂಕುಡೊಂಕಾಗಿ ಮಡಚಿಕೊಂಡಿದ್ದ ಹಲಗೆ ಕೆಲವು ನೂರು ಪ್ರಯತ್ನಗಳೊಳಗೆ ಹೆಚ್ಚುಕಡಮೆ ನೇರವಾಗಿ ನಿಂತಿತು. ಉತ್ತರ ಮೊದಲೇ ತಿಳಿದಿದ್ದುದೇ. ಗಾಳಿಯ ದಿಕ್ಕಿಗೆ ಸಮಾಂತರವಾಗಿರುವ ನೇರ ಹಲಗೆಗೆ ತಡೆ ಕಡಮೆಯೆಂಬುದನ್ನು ಯಾರೂ ಹೇಳಬಲ್ಲರು. ಪರೀಕ್ಷೆಗೆ ಒಳಗಾಗಿದ್ದುದು ಹಲಗೆಯಲ್ಲ, ವಿಧಾನ. ಕುರುಡು ಮಾರ್ಪಾಡು ಮತ್ತು ಕಟ್ಟುನಿಟ್ಟಾದ ಆಯ್ಕೆ, ಇವೆರಡೇ ಸೇರಿ ಕೋಟಿಗಟ್ಟಲೆ ಆಕಾರಗಳ ನಡುವಿನಿಂದ ಉತ್ತಮವಾದುದನ್ನು ಹೊರತೆಗೆಯಬಲ್ಲುವೆಂಬುದು ಸಿದ್ಧವಾಯಿತು.

ಮೂರು ಊರು, ಒಂದೇ ಆಲೋಚನೆ

ಇದೇ ಕಾಲದಲ್ಲಿ ಅಮೆರಿಕದ ಸಾನ್ ಡಿಯೇಗೊದಲ್ಲಿ ಲಾರೆನ್ಸ್ ಫೋಗೆಲ್ ಅವರು ಭವಿಷ್ಯವನ್ನು ಊಹಿಸಬಲ್ಲ ಕಾಲ್ಪನಿಕ ಯಂತ್ರಗಳನ್ನು ಗಣಕದೊಳಗೆ ವಿಕಾಸಗೊಳಿಸುತ್ತಿದ್ದರು. 1966ರಲ್ಲಿ ಅವರೂ ಅವರ ಇಬ್ಬರು ಸಂಗಡಿಗರೂ ಈ ವಿಷಯವಾಗಿ ಪುಸ್ತಕವೊಂದನ್ನು ಪ್ರಕಟಿಸಿದರು. ಮಿಶಿಗನ್ ವಿಶ್ವವಿದ್ಯಾಲಯದಲ್ಲಿದ್ದ ಜಾನ್ ಹಾಲೆಂಡರು (1929–2015) ಬೇರೊಂದು ದಾರಿಯಿಂದ ಇಲ್ಲಿಗೆ ಬಂದರು. ನಿಸರ್ಗದ ಆಯ್ಕೆಯನ್ನು ಗಣಿತದ ಭಾಷೆಯಲ್ಲಿ ವಿವರಿಸುವ ಆರ್. ಎ. ಫಿಷರರ 1930ರ ಗ್ರಂಥ ಅವರ ಮನಸ್ಸನ್ನು ಸೆಳೆದಿತ್ತು. ಜೀವಿಗಳಲ್ಲಿ ಮಾರ್ಪಾಡು ಮಾತ್ರವಲ್ಲ, ತಂದೆತಾಯಿಗಳ ಗುಣಗಳ ಬೆರಕೆಯೂ ಉಂಟಷ್ಟೆ. ಈ ಬೆರಕೆಗೇ ಹಾಲೆಂಡರು ಪ್ರಾಧಾನ್ಯವಿತ್ತರು. ಅವರ ವಿಧಾನವೇ ಜೆನೆಟಿಕ್ ಆಲ್ಗಾರಿದಮ್. 1975ರಲ್ಲಿ ಬಂದ ಅವರ ಗ್ರಂಥ ಈ ಶಾಸ್ತ್ರದ ಆಧಾರಗ್ರಂಥಗಳಲ್ಲಿ ಒಂದಾಯಿತು.

ಆಶ್ಚರ್ಯದ ಸಂಗತಿಯೆಂದರೆ, ಈ ಮೂರು ಗುಂಪುಗಳೂ ಸುಮಾರು ಕಾಲು ಶತಮಾನದವರೆಗೆ ಬಹುಮಟ್ಟಿಗೆ ಬೇರೆಬೇರೆಯಾಗಿಯೇ ದುಡಿದುವು. ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ ಸೇರಿದುದು 1985ರಲ್ಲಿ. 1990ರಲ್ಲಿ ಜರ್ಮನಿಯ ಡಾರ್ಟ್‌ಮುಂಡ್ ನಗರದಲ್ಲಿ ನಡೆದ ಸಭೆಯಲ್ಲಿ ಯೂರೋಪಿನವರೂ ಅಮೆರಿಕದವರೂ ಎದುರುಬದುರು ಕುಳಿತು ತಮ್ಮ ವಿಧಾನಗಳನ್ನು ಹೋಲಿಸಿ ನೋಡಿದರು. 1993ರಲ್ಲಿ ‘ವಿಕಾಸಾತ್ಮಕ ಗಣನೆ’ ಎಂಬರ್ಥದ ಹೆಸರಿನಲ್ಲೇ ಒಂದು ಸಂಶೋಧನ ಪತ್ರಿಕೆ ಹೊರಟಿತು. ಮೂರು ಹೊಳೆಗಳಿಗೆ ಒಂದೇ ಹೆಸರು ಬಂದುದು ಹೀಗೆ.

ನಿಯಮಗಳ ಸಂತತಿ

ಆಕಾರಗಳ ಹಾಗೆಯೇ ನಿಯಮಗಳನ್ನೂ ವಿಕಾಸಗೊಳಿಸಬಹುದೆ? ಹಾಲೆಂಡರೂ ಜೂಡಿತ್ ರೈಟ್ಮನ್ ಅವರೂ 1978ರಲ್ಲಿ ಪ್ರಕಟಿಸಿದ ವ್ಯವಸ್ಥೆ ಇಂಥದು. ಯಂತ್ರಕಲಿಕೆಯ ಈ ಶಾಖೆಯ ಮರ್ಮವನ್ನು ಮನೆಯ ನೀರಿನ ಪಂಪಿನ ಉದಾಹರಣೆಯಿಂದ ತಿಳಿಯಬಹುದು.

ಯಂತ್ರಕ್ಕೆ ನಾಲ್ಕು ಸುದ್ದಿಗಳು ಬರುತ್ತವೆಯೆಂದು ಭಾವಿಸಿ. ಮೇಲಿನ ತೊಟ್ಟಿ ತುಂಬಿದೆಯೆ? ಕೆಳಗಿನ ಸಂಪಿನಲ್ಲಿ ನೀರಿದೆಯೆ? ವಿದ್ಯುತ್ತು ಇದೆಯೆ? ಈಗ ರಾತ್ರಿಯೆ? ಹೌದಾದರೆ 1, ಅಲ್ಲವಾದರೆ 0. ಯಾವುದಾದರೂ ಸರಿಯೆಂಬುದಕ್ಕೆ # ಎಂಬ ಗುರುತು. ‘01##’ ಎಂಬ ನಿಯಮದ ಅರ್ಥ: ತೊಟ್ಟಿ ತುಂಬಿಲ್ಲ, ಸಂಪಿನಲ್ಲಿ ನೀರಿದೆ, ಉಳಿದುದು ಹೇಗಾದರೂ ಇರಲಿ, ಪಂಪನ್ನು ನಡೆಸು. ‘##1#’ ಎಂಬುದು ವಿದ್ಯುತ್ತು ಇದ್ದರೆ ಸಾಕು, ನಡೆಸು ಎನ್ನುತ್ತದೆ. ಎರಡೂ ಅರೆಬರೆ ತಿಳಿವಳಿಕೆಯ ನಿಯಮಗಳು. ಈಗ ಎರಡನ್ನೂ ನಡುವೆ ಕತ್ತರಿಸಿ ತುಂಡುಗಳನ್ನು ಅದಲುಬದಲು ಮಾಡೋಣ. ಹುಟ್ಟುವ ಮಕ್ಕಳು ‘011#’ ಮತ್ತು ‘####’. ಮೊದಲನೆಯದು ಮೂರು ಷರತ್ತುಗಳನ್ನೂ ಅರಿತ ಜಾಣ ಮಗು. ಎರಡನೆಯದು ಸದಾ ಪಂಪನ್ನು ನಡೆಸೆನ್ನುವ ದಡ್ಡ ಮಗು. ಒಳ್ಳೆಯ ಫಲಕ್ಕೆ ಅಂಕವನ್ನೂ ಕೆಟ್ಟ ಫಲಕ್ಕೆ ದಂಡವನ್ನೂ ವಿಧಿಸುತ್ತ ಹೋದರೆ ಜಾಣ ನಿಯಮ ಉಳಿದು ಸಂತತಿಯನ್ನು ಬೆಳೆಸುತ್ತದೆ; ದಡ್ಡ ನಿಯಮ ಅಳಿಯುತ್ತದೆ. ಸರಿಯಾದ ನಿಯಮವನ್ನು ಯಾರೂ ಬರೆದುಕೊಡಲಿಲ್ಲವೆಂಬುದನ್ನು ಗಮನಿಸಬೇಕು.

ಇಲ್ಲಿ ಒಂದು ಮೂಲಭೂತವಾದ ಪ್ರಶ್ನೆ ಏಳುತ್ತದೆ. ಹೋರಾಡಿ ಬದುಕಬೇಕಾದ ಜೀವಿ ಯಾವುದು, ಒಂದೊಂದು ನಿಯಮವೋ, ನಿಯಮಗಳ ಇಡೀ ಕಟ್ಟೋ? ಒಂದೊಂದು ನಿಯಮವೂ ಒಂದು ಜೀವಿಯೆಂಬುದು ಮಿಶಿಗನ್ನಿನವರ ಮತ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಸ್ಟೀಫನ್ ಸ್ಮಿತ್ ಅವರು 1980ರಲ್ಲಿ ಇಡೀ ಕಟ್ಟನ್ನೇ ಜೀವಿಯೆಂದು ತೆಗೆದುಕೊಂಡು, ಪೋಕರ್ ಎಂಬ ಇಸ್ಪೀಟಾಟವನ್ನು ಯಂತ್ರಕ್ಕೆ ಕಲಿಸಿದರು. ಇಂದಿಗೂ ಈ ಎರಡು ಪಂಥಗಳು ಆ ಊರುಗಳ ಹೆಸರಿನಿಂದಲೇ ಪ್ರಸಿದ್ಧವಾಗಿವೆ.

ಶ್ರೇಯಸ್ಸು ಯಾರಿಗೆ ಸಲ್ಲಬೇಕು?

ಮಿಶಿಗನ್ ಮಾರ್ಗದಲ್ಲಿ ಒಂದು ತೊಡಕುಂಟು. ಚದುರಂಗದ ಆಟವನ್ನು ನಲವತ್ತನೆಯ ನಡೆಯಲ್ಲಿ ಗೆದ್ದರೆ, ಆ ಗೆಲುವಿಗೆ ದಾರಿ ಮಾಡಿದ ಹದಿನೈದನೆಯ ನಡೆಗೆ ಎಷ್ಟು ಪಾಲು? ಹಾಲೆಂಡರು ಸೂಚಿಸಿದ ಪರಿಹಾರಕ್ಕೆ ‘ಬಕೆಟ್ ಸಾಲು’ ಎಂಬ ಅರ್ಥದ ಹೆಸರಿದೆ. ಊರಿನಲ್ಲಿ ಬೆಂಕಿ ಬಿದ್ದಾಗ ಜನರು ಬಾವಿಯಿಂದ ಮನೆಯವರೆಗೆ ಸಾಲುಗಟ್ಟಿ ನಿಂತು ನೀರನ್ನು ಕೈಯಿಂದ ಕೈಗೆ ದಾಟಿಸುತ್ತಾರಲ್ಲವೆ? ಹಾಗೆಯೇ ಪ್ರತಿಯೊಂದು ನಿಯಮವೂ ತನಗೆ ಅವಕಾಶ ಮಾಡಿಕೊಟ್ಟ ಹಿಂದಿನ ನಿಯಮಕ್ಕೆ ತನ್ನ ಗಳಿಕೆಯಲ್ಲಿ ಒಂದಂಶವನ್ನು ಕೊಡಬೇಕು. ಕೊನೆಯ ನಿಯಮಕ್ಕೆ ದೊರೆತ ಬಹುಮಾನ ಕ್ರಮೇಣ ಸಾಲಿನ ಮೊದಲಿನವರೆಗೂ ಸೋರಿ ತಲಪುತ್ತದೆ.

ಯೋಜನೆ ಅಂದವಾಗಿತ್ತು, ಆದರೆ ನಡೆಯುವಾಗ ಎಡವುತ್ತಿತ್ತು. ಮಿಶಿಗನ್ನಿನ ವಿದ್ಯಾರ್ಥಿಯಾಗಿದ್ದ ಡೇವಿಡ್ ಗೋಲ್ಡ್‌ಬರ್ಗ್ ಅವರು 1983ರ ತಮ್ಮ ಪ್ರಬಂಧದಲ್ಲಿ ಅನಿಲ ಸಾಗಿಸುವ ಕೊಳವೆಮಾರ್ಗದ ನಿರ್ವಹಣೆಗೆ ಇಂಥ ನಿಯಮಗಳನ್ನು ಬಳಸಿ ತೋರಿಸಿದ್ದರೂ, ಎಲ್ಲರ ಕೈಯಲ್ಲೂ ಅದೇ ಯಶಸ್ಸು ದೊರೆಯಲಿಲ್ಲ. 1989ರ ಸಮ್ಮೇಳನದಲ್ಲಿ ಸ್ಟ್ಯೂವರ್ಟ್ ವಿಲ್ಸನ್ ಮತ್ತು ಗೋಲ್ಡ್‌ಬರ್ಗ್ ಇವರಿಬ್ಬರೂ ತಾವೇ ಬೆಳೆಸುತ್ತಿದ್ದ ಈ ಶಾಖೆಯ ಕೊರತೆಗಳನ್ನು ಒಂದೊಂದಾಗಿ ವಿಮರ್ಶಿಸಿ ಸಭೆಯ ಮುಂದಿಟ್ಟರು. ತಮ್ಮ ಕೆಲಸದ ದೋಷಗಳನ್ನು ತಾವೇ ಎಣಿಸಿ ಹೇಳುವುದು ಯಾವ ಕಾಲಕ್ಕೂ ಸುಲಭವಲ್ಲ; ಆದರೆ ಮುಂದಿನ ದಾರಿ ತೆರೆದುದು ಅಂಥ ವಿಮರ್ಶೆಯಿಂದಲೇ.

ದೋಷ ಎಲ್ಲಿತ್ತು? ಒಂದು ಕಾಲ್ಪನಿಕ ಲೆಕ್ಕವನ್ನು ನೋಡಿ. ಒಂದು ನಿಯಮಕ್ಕೆ ಒಮ್ಮೆ 100 ಅಂಕ, ಇನ್ನೊಮ್ಮೆ ಸೊನ್ನೆ, ಸರಾಸರಿ 50. ಮತ್ತೊಂದು ನಿಯಮ ಸಣ್ಣದೊಂದು ಸಂದರ್ಭಕ್ಕೆ ಸೇರಿದುದು. ಅದಕ್ಕೆ ಪ್ರತಿಸಲವೂ ತಪ್ಪದೆ 30 ಅಂಕ. ಗಳಿಕೆಯನ್ನೇ ಯೋಗ್ಯತೆಯೆಂದು ಎಣಿಸಿದರೆ ಅರ್ಧ ಸಲ ತಪ್ಪುವ ಮೊದಲನೆಯದು ಗೆಲ್ಲುತ್ತದೆ. ನಂಬಿಕೆಗೆ ಅರ್ಹವಾದ ಎರಡನೆಯದು ನಾಶವಾಗುತ್ತದೆ. ರೌಲೆಂಡ್ ವಿಜ್ಞಾನ ಸಂಸ್ಥೆಯಲ್ಲಿದ್ದ ವಿಲ್ಸನ್ ಅವರು 1995ರಲ್ಲಿ ಎಕ್ಸ್‌ಸಿಎಸ್ ಎಂಬ ವ್ಯವಸ್ಥೆಯನ್ನು ಪ್ರಕಟಿಸಿ ಈ ಅಳತೆಗೋಲನ್ನೇ ಬದಲಿಸಿದರು. ಅದರಲ್ಲಿ ಪ್ರತಿಯೊಂದು ನಿಯಮವೂ ತನಗೆ ಎಷ್ಟು ಅಂಕ ಬರುವುದೆಂದು ಮುಂದಾಗಿಯೇ ಹೇಳಬೇಕು. ಹೇಳಿದುದು ಎಷ್ಟು ನಿಜವಾಯಿತೆಂಬುದೇ ಅದರ ಯೋಗ್ಯತೆ. ‘ಹೀಗೆ ಮಾಡಿದರೆ ಏನೂ ದೊರೆಯದು’ ಎಂದು ತಪ್ಪದೆ ನುಡಿಯುವ ನಿಯಮಕ್ಕೂ ಇಲ್ಲಿ ಸ್ಥಾನವುಂಟು. ಅದೂ ಜ್ಞಾನವೇ ತಾನೆ! ಸೊರಗಿದ್ದ ಶಾಖೆ ಇದರಿಂದ ಮತ್ತೆ ಚಿಗುರಿತು.

ಬಳಗದ ಬೆಳವಣಿಗೆ

ನಮ್ಮ ದೇಶವೂ ಈ ಕಾರ್ಯದಲ್ಲಿ ಹಿಂದೆ ಬಿದ್ದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ಶ್ರೀನಿವಾಸ್ ಮತ್ತು ಎಲ್. ಎಂ. ಪಟ್ನಾಯಕ್ ಅವರು 1994ರಲ್ಲಿ ಪ್ರಕಟಿಸಿದ ಲೇಖನ ಪ್ರಸಿದ್ಧವಾದುದು. ಬೆರಕೆ ಮತ್ತು ಮಾರ್ಪಾಡುಗಳ ಪ್ರಮಾಣ ಎಲ್ಲಕ್ಕೂ ಒಂದೇ ಏಕಿರಬೇಕು? ಉತ್ತಮವಾದುವನ್ನು ಕೆಡದಂತೆ ಕಾಪಾಡಿ, ಕೀಳಾದುವನ್ನು ಚೆನ್ನಾಗಿ ಕದಡಬೇಕೆಂಬುದು ಅವರ ಸೂತ್ರ. ಒಂದೇ ವೇಳೆ ಹಲವು ಗುರಿಗಳನ್ನು ಸಾಧಿಸಬೇಕಾದಾಗ, ಉದಾಹರಣೆಗೆ ಬೆಲೆ ಇಳಿಯಬೇಕು, ಬಲವೂ ಹೆಚ್ಚಬೇಕು ಎನ್ನುವಾಗ, ಅನುಸರಿಸಬೇಕಾದ ಕ್ರಮವನ್ನು ಕಾನಪುರದ ಐ.ಐ.ಟಿ.ಯಲ್ಲಿ ಕಲ್ಯಾಣ್‌ಮೊಯ್ ದೇಬ್ ಅವರೂ ಅವರ ವಿದ್ಯಾರ್ಥಿಗಳೂ ರೂಪಿಸಿದರು. 2002ರಲ್ಲಿ ಪ್ರಕಟವಾದ ಆ ವಿಧಾನವನ್ನು ಜಗತ್ತಿನ ಎಲ್ಲೆಡೆಯ ಎಂಜಿನಿಯರುಗಳು ಬಳಸುತ್ತಿದ್ದಾರೆ.

1999ರಲ್ಲಿ ಎರಡು ಸಮ್ಮೇಳನಗಳು ಒಂದುಗೂಡಿ ‘ಗೆಕ್ಕೊ’ ಎಂಬ ವಾರ್ಷಿಕ ಕೂಟವಾಯಿತು. ಮನುಷ್ಯರ ಬುದ್ಧಿಗೆ ಸರಿದೊರೆಯಾದ ಫಲಗಳನ್ನು ಯಂತ್ರವಿಕಾಸದಿಂದ ಪಡೆದವರಿಗೆ 2004ರಿಂದ ಅಲ್ಲಿ ಬಹುಮಾನ ಸಲ್ಲುತ್ತಿದೆ. ಅಮೆರಿಕದ ನಾಸಾ ಸಂಸ್ಥೆ 2006ರ ಮಾರ್ಚಿಯಲ್ಲಿ ಹಾರಿಸಿದ ಮೂರು ಪುಟ್ಟ ಉಪಗ್ರಹಗಳಲ್ಲಿ ಇಂಥದೊಂದು ಫಲವಿತ್ತು. ಅದು ಅಡ್ಡಾದಿಡ್ಡಿಯಾಗಿ ಬಾಗಿಸಿದ ತಂತಿಯಂತೆ ಕಾಣುವ ಒಂದು ಆಂಟೆನಾ. ಅನುಭವಿಯಾದ ಎಂಜಿನಿಯರೊಬ್ಬನು ಎಂದೂ ಬರೆಯದಂಥ ಆ ಆಕಾರ ಗಣಕದೊಳಗಿನ ವಿಕಾಸದಿಂದ ಹುಟ್ಟಿದುದು.

ಹಾಗೆಂದು ಇದನ್ನು ಸರ್ವರೋಗಕ್ಕೂ ಮದ್ದೆಂದು ತಿಳಿಯಬಾರದು. ಸಾಧ್ಯವಿರುವ ಸಮಸ್ಯೆಗಳೆಲ್ಲವನ್ನೂ ಸರಾಸರಿಯಾಗಿ ತೆಗೆದುಕೊಂಡರೆ ಯಾವ ಶೋಧನ ವಿಧಾನವೂ ಇನ್ನೊಂದಕ್ಕಿಂತ ಮೇಲಲ್ಲವೆಂದು ಡೇವಿಡ್ ವೋಲ್ಪರ್ಟ್ ಮತ್ತು ವಿಲಿಯಂ ಮೆಕ್‌ರೆಡಿ 1997ರಲ್ಲಿ ಗಣಿತದಿಂದಲೇ ಸಾಧಿಸಿ ತೋರಿಸಿದ್ದಾರೆ. ಸಮಸ್ಯೆಯ ಸ್ವಭಾವವನ್ನು ಅರಿತು ವಿಧಾನವನ್ನು ಹೊಂದಿಸುವ ಹೊಣೆ ಮನುಷ್ಯನದಾಗಿಯೇ ಉಳಿದಿದೆ.

ಇಂದಿನ ಭಾರಿ ಗಣಕಜಾಲಗಳು ಉತ್ತರವನ್ನು ಕೊಡುತ್ತವೆ. ಆ ಉತ್ತರ ಏಕೆ ಬಂದಿತೆಂಬುದನ್ನು ತಿಳಿಯುವುದು ಕಷ್ಟ. ರೋಗಿಯ ಚಿಕಿತ್ಸೆ, ಸಾಲದ ಮಂಜೂರಾತಿ ಮುಂತಾದ ಕಡೆಗಳಲ್ಲಿ ಕಾರಣವನ್ನು ಕೇಳುವ ಹಕ್ಕು ಜನರಿಗುಂಟು. ‘011#’ ಎಂಬ ನಿಯಮವನ್ನಾದರೋ ಯಾರು ಬೇಕಾದರೂ ಓದಿ ಸರಿಯೋ ತಪ್ಪೋ ಎಂದು ವಾದಿಸಬಹುದು. ವಿಕಾಸಗೊಂಡ ನಿಯಮಗಳ ಸಂಖ್ಯೆ ಸಾವಿರಾರಾದರೆ ಅವನ್ನು ಓದುವುದೂ ತೊಡಕಾಗುತ್ತದೆ. ಅವನ್ನು ಅಡಕಗೊಳಿಸುವ ಕಾರ್ಯ ಈಗ ಈ ಬಳಗದ ಮುಂದಿದೆ. ನಮ್ಮ ವಿದ್ಯಾರ್ಥಿಗಳು ಇದರ ರುಚಿಯನ್ನು ನೋಡಲು ಗಣಕವೂ ಬೇಕಾಗಿಲ್ಲ. ಪಂಪಿನ ಹದಿನಾರು ಸಂದರ್ಭಗಳನ್ನು ಕಾಗದದ ಮೇಲೆ ಬರೆದುಕೊಂಡು, ನಾಣ್ಯವನ್ನು ಚಿಮ್ಮಿ ಹತ್ತು ನಿಯಮಗಳನ್ನು ಹುಟ್ಟಿಸಿ, ಅಂಕವನ್ನು ಕೊಟ್ಟು, ಕತ್ತರಿಸಿ ಬೆರಸಿ, ಕೆಲವು ಪೀಳಿಗೆಗಳ ತರುವಾಯ ಯಾವುವು ಉಳಿಯುತ್ತವೆಯೆಂಬುದನ್ನು ತಾವೇ ಕಂಡುಕೊಳ್ಳಲಿ.