ಒಂದೇ ಹೆಸರಿನ ರೋಗಾಣು, ಹಲವು ವಂಶಗಳು: ಒಬ್ಬರ ಮದ್ದು ಇನ್ನೊಬ್ಬರಿಗೇಕೆ ನಾಟುವುದಿಲ್ಲ?

ಆಸ್ಪತ್ರೆಯ ಒಂದೇ ವಾರ್ಡಿನಲ್ಲಿ ಇಬ್ಬರಿಗೆ ಆಪರೇಷನ್ ಆದ ಗಾಯದಲ್ಲಿ ಕೀವು ತುಂಬಿದೆ ಎಂದಿಟ್ಟುಕೊಳ್ಳಿ. ಇಬ್ಬರ ಲ್ಯಾಬ್ ವರದಿಯಲ್ಲೂ ಒಂದೇ ಹೆಸರು: ಸ್ಟ್ಯಾಫಿಲೊಕಾಕಸ್ ಆರಿಯಸ್. ಒಬ್ಬರಿಗೆ ಸಾಧಾರಣ ಆಂಟಿಬಯೋಟಿಕ್‌ನಿಂದ ಕೆಲವೇ ದಿನಗಳಲ್ಲಿ ಗಾಯ ಒಣಗುತ್ತದೆ. ಇನ್ನೊಬ್ಬರಿಗೆ ಅದೇ ಔಷಧಿ ಕೊಟ್ಟರೂ ಜ್ವರ ಇಳಿಯುವುದಿಲ್ಲ, ಕೀವು ನಿಲ್ಲುವುದಿಲ್ಲ. ಆಗ ಮನೆಯವರು ಕೇಳುವುದು ಸಹಜ: "ರೋಗ ಒಂದೇ ಅಲ್ಲವೇ ಡಾಕ್ಟ್ರೇ? ಅವರಿಗೆ ಗುಣವಾದ ಮದ್ದು ಇವರಿಗೇಕೆ ನಾಟುತ್ತಿಲ್ಲ?"

ಉತ್ತರ ಇಷ್ಟೇ: ಹೆಸರು ಒಂದೇ ಆದರೂ ರೋಗಾಣು ಒಂದೇ ಅಲ್ಲ. ಈ ಮಾತು ಅರ್ಥವಾದರೆ, ಮನೆಯಲ್ಲಿ ಉಳಿದ ಮಾತ್ರೆಯನ್ನು ಮತ್ತೊಬ್ಬರಿಗೆ ಕೊಡುವ ಅಭ್ಯಾಸ ಎಷ್ಟು ಅಪಾಯಕಾರಿ ಎಂಬುದೂ ಅರ್ಥವಾಗುತ್ತದೆ.

ಮೂಗಿನಲ್ಲೇ ವಾಸ

1880ರ ದಶಕದಲ್ಲಿ ಸ್ಕಾಟ್‌ಲೆಂಡಿನ ಶಸ್ತ್ರವೈದ್ಯ ಅಲೆಕ್ಸಾಂಡರ್ ಆಗ್‌ಸ್ಟನ್ ಕುರುವಿನ ಕೀವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ದುಂಡನೆಯ ರೋಗಾಣುಗಳು ದ್ರಾಕ್ಷಿ ಗೊಂಚಲಿನಂತೆ ಕಂಡವು. ಗ್ರೀಕ್ ಭಾಷೆಯಲ್ಲಿ ದ್ರಾಕ್ಷಿ ಗೊಂಚಲಿಗಿರುವ ಪದದಿಂದಲೇ 'ಸ್ಟ್ಯಾಫಿಲೊಕಾಕಸ್' ಎಂಬ ಹೆಸರು ಬಂತು. 'ಆರಿಯಸ್' ಎಂದರೆ ಚಿನ್ನದ ಬಣ್ಣದ್ದು. ವೈದ್ಯರು ಚಿಕ್ಕದಾಗಿ 'ಸ್ಟ್ಯಾಫ್' ಎನ್ನುತ್ತಾರೆ.

ಹತ್ತು ಮಂದಿಯಲ್ಲಿ ಸುಮಾರು ಮೂವರ ಮೂಗಿನ ಹೊಳ್ಳೆಯಲ್ಲಿ ಇದು ಯಾವ ತೊಂದರೆಯನ್ನೂ ಕೊಡದೆ ಇರುತ್ತದೆ. ಕಂಕುಳು, ತೊಡೆಸಂದು, ಗಂಟಲಿನಲ್ಲೂ ಇರಬಹುದು. ಚರ್ಮ ಗಟ್ಟಿಯಾಗಿರುವ ತನಕ ಅದು ಸುಮ್ಮನಿರುತ್ತದೆ. ಗಾಯ, ಸುಟ್ಟ ಜಾಗ, ಆಪರೇಷನ್ನಿನ ಹೊಲಿಗೆ, ಡ್ರಿಪ್‌ನ ಸೂಜಿ, ಮೂತ್ರದ ನಳಿಕೆ ಇಂತಹ ದಾರಿ ಸಿಕ್ಕಾಗ ಒಳನುಗ್ಗುತ್ತದೆ. ಸಾಮಾನ್ಯವಾಗಿ ಕುರುವಾಗಿ ಮುಗಿಯುತ್ತದೆ. ಆದರೆ ರಕ್ತಕ್ಕೆ ಸೇರಿದರೆ ಮೂಳೆ, ಶ್ವಾಸಕೋಶ, ಹೃದಯದ ಕವಾಟದವರೆಗೂ ಹೋಗಿ ಪ್ರಾಣಕ್ಕೆ ಕುತ್ತು ತರಬಲ್ಲದು. ಸಕ್ಕರೆ ಕಾಯಿಲೆಯವರು, ಡಯಾಲಿಸಿಸ್ ಮಾಡಿಸಿಕೊಳ್ಳುವವರು, ನವಜಾತ ಶಿಶುಗಳು, ಐಸಿಯುವಿನಲ್ಲಿರುವವರು ಹೆಚ್ಚು ಎಚ್ಚರದಿಂದಿರಬೇಕು.

ಔಷಧಿಗೆ ಬಗ್ಗದ ಸ್ಟ್ಯಾಫ್

1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಪೆನಿಸಿಲಿನ್ ಕಂಡುಹಿಡಿದದ್ದು ಇದೇ ಸ್ಟ್ಯಾಫ್ ಬೆಳೆಸಿದ್ದ ತಟ್ಟೆಯಲ್ಲಿ. 1940ರ ದಶಕದಲ್ಲಿ ಪೆನಿಸಿಲಿನ್ ಬಳಕೆಗೆ ಬಂದಾಗ ಪವಾಡದಂತೆ ಕಂಡಿತು. ಆದರೆ ಆ ದಶಕ ಮುಗಿಯುವುದರೊಳಗೆ ಲಂಡನ್ನಿನ ಒಂದು ಆಸ್ಪತ್ರೆಯ ರೋಗಿಗಳಲ್ಲಿ ಸಿಕ್ಕ ಸ್ಟ್ಯಾಫ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪೆನಿಸಿಲಿನ್‌ಗೆ ಬಗ್ಗದಂಥವಾಗಿದ್ದವು. ಪೆನಿಸಿಲಿನ್ನನ್ನು ತುಂಡರಿಸುವ ಕಿಣ್ವ ಅವುಗಳಲ್ಲಿತ್ತು. ಆ ಕಿಣ್ವಕ್ಕೆ ಸಿಗದಂತೆ ರೂಪಿಸಿದ ಮೆಥಿಸಿಲಿನ್ 1959ರಲ್ಲಿ ಬಂತು. 1961ರಲ್ಲೇ ಅದಕ್ಕೂ ಬಗ್ಗದ ಸ್ಟ್ಯಾಫ್ ಇಂಗ್ಲೆಂಡಿನಿಂದ ವರದಿಯಾಯಿತು. ಇದನ್ನೇ ಇಂದು 'ಎಂಆರ್‌ಎಸ್‌ಎ' ಎನ್ನುತ್ತಾರೆ.

ಇದು ಹೇಗೆ ಸಾಧ್ಯ? ಪೆನಿಸಿಲಿನ್ ಗುಂಪಿನ ಔಷಧಿಗಳು ರೋಗಾಣು ತನ್ನ ಹೊರಗೋಡೆ ಕಟ್ಟಲು ಬಳಸುವ ಪ್ರೋಟೀನಿಗೆ ಅಂಟಿಕೊಂಡು ಅದರ ಕೆಲಸ ನಿಲ್ಲಿಸುತ್ತವೆ. ಗೋಡೆಯಿಲ್ಲದೆ ರೋಗಾಣು ಸಾಯುತ್ತದೆ. ಎಂಆರ್‌ಎಸ್‌ಎ ಬಳಿ 'ಮೆಕ್-ಎ' ಎಂಬ ಹೆಚ್ಚುವರಿ ಜೀನ್ ಇದೆ. ಔಷಧಿ ಅಂಟಿಕೊಳ್ಳಲಾಗದ ಬೇರೊಂದು ಪ್ರೋಟೀನನ್ನು ಅದು ತಯಾರಿಸಿಕೊಡುತ್ತದೆ. ಔಷಧಿ ಮೈಯಲ್ಲಿದ್ದರೂ ಗೋಡೆ ಕಟ್ಟುವ ಕೆಲಸ ನಿಲ್ಲುವುದಿಲ್ಲ. ಹೀಗಾಗಿ ಎಂಆರ್‌ಎಸ್‌ಎ ಇದ್ದರೆ ಅಮಾಕ್ಸಿಸಿಲಿನ್, ಕ್ಲಾಕ್ಸಾಸಿಲಿನ್, ಸೆಫಲೆಕ್ಸಿನ್‌ನಂತಹ ಪರಿಚಿತ ಮಾತ್ರೆಗಳೆಲ್ಲ ಒಟ್ಟಿಗೇ ವ್ಯರ್ಥ.

ಈ ಜೀನ್ ಒಂದು ರೋಗಾಣುವಿನಿಂದ ಇನ್ನೊಂದಕ್ಕೆ ದಾಟಬಲ್ಲದು. ಬೇರೆ ಔಷಧಿಗಳಿಗೆ ಪ್ರತಿರೋಧ ಕೊಡುವ ಜೀನ್‌ಗಳೂ ಪ್ಲಾಸ್ಮಿಡ್ ಎಂಬ ಸಣ್ಣ ಡಿಎನ್‌ಎ ಉಂಗುರಗಳ ಮೂಲಕ ಹೀಗೆಯೇ ಕೈಬದಲಾಗುತ್ತವೆ.

ವಂಶಾವಳಿ ಹುಡುಕುವುದು ಹೇಗೆ?

ವಿಜ್ಞಾನಿಗಳು ಪ್ರತಿ ರೋಗಿಯ ಸ್ಟ್ಯಾಫ್‌ನಿಂದ ಏಳು ನಿರ್ದಿಷ್ಟ ಜೀನ್‌ಗಳ ಅಕ್ಷರಸಾಲನ್ನು ಓದಿ ಹೋಲಿಸುತ್ತಾರೆ. ಹೊಂದಿಕೆಯಾದವುಗಳಿಗೆ ಒಂದು ವಂಶ ಸಂಖ್ಯೆ ಕೊಡುತ್ತಾರೆ: ಎಸ್‌ಟಿ 22, ಎಸ್‌ಟಿ 239, ಎಸ್‌ಟಿ 772 ಹೀಗೆ. ಇತ್ತೀಚೆಗೆ ಇಡೀ ಜೀನೋಮನ್ನೇ ಓದುವುದೂ ಸಾಧ್ಯವಾಗಿದೆ. ಒಂದು ವಾರ್ಡಿನ ರೋಗಿಗಳಲ್ಲೆಲ್ಲ ಒಂದೇ ವಂಶ ಕಂಡರೆ ಅದು ಕೈಯಿಂದ ಕೈಗೆ, ಹಾಸಿಗೆಯಿಂದ ಹಾಸಿಗೆಗೆ ದಾಟುತ್ತಿದೆ ಎಂಬ ಶಂಕೆ ಬಲವಾಗುತ್ತದೆ. ಬೇರೆ ಬೇರೆ ವಂಶಗಳು ಕಂಡರೆ, ರೋಗಿಗಳು ಅವನ್ನು ಹೊರಗಿನಿಂದಲೇ ಹೊತ್ತು ತಂದಿರುವ ಸಾಧ್ಯತೆ ಹೆಚ್ಚು.

ನಮ್ಮ ದೇಶದ ಕಥೆಯೂ ಇಲ್ಲಿದೆ. ಎಸ್‌ಟಿ 239 ಹಿಂದಿನಿಂದಲೂ ಆಸ್ಪತ್ರೆಗಳಲ್ಲಿ ನೆಲೆಯೂರಿದ್ದ ವಂಶ. ಆದರೆ ಮುಂಬೈಯಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದು, ಅದರ ಜಾಗವನ್ನು ಎಸ್‌ಟಿ 22 ಮತ್ತು ಎಸ್‌ಟಿ 772 ಆಕ್ರಮಿಸುತ್ತಿರುವುದನ್ನು ತೋರಿಸಿತು. ಎಸ್‌ಟಿ 772ಕ್ಕೆ 'ಬಂಗಾಳ ಕೊಲ್ಲಿಯ ವಂಶ' ಎಂಬ ಹೆಸರೇ ಇದೆ. 14 ದೇಶಗಳ 340 ಮಾದರಿಗಳ ಜೀನೋಮ್ ಓದಿ 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಇದು 1960ರ ದಶಕದ ಆರಂಭದಲ್ಲಿ ಭಾರತ ಉಪಖಂಡದಲ್ಲಿ ಹುಟ್ಟಿ, 1990ರ ದಶಕದಲ್ಲಿ ವೇಗವಾಗಿ ಹರಡಿತು. ಹಲವು ಔಷಧಿಗಳಿಗೆ ಪ್ರತಿರೋಧ ಕೊಡುವ ಒಂದು ಪ್ಲಾಸ್ಮಿಡ್ ಇದರ ಜೀನೋಮಿನಲ್ಲಿ ಸೇರಿಕೊಂಡದ್ದೇ ಆ ವೇಗಕ್ಕೆ ಮುಖ್ಯ ಕಾರಣ. ವಿದೇಶಗಳಲ್ಲಿ ಇದು ಕಾಣಿಸಿಕೊಂಡಾಗ ಹೆಚ್ಚಾಗಿ ಉಪಖಂಡದ ಪ್ರಯಾಣ ಅಥವಾ ಇಲ್ಲಿನ ಕುಟುಂಬದ ನಂಟು ಜೊತೆಗಿತ್ತು. ಕುವೈತಿನಂತಹ ಕೊಲ್ಲಿ ದೇಶಗಳಲ್ಲೂ ಇದು ವರದಿಯಾಗಿದೆ. ಮನೆಗೊಬ್ಬರು ಗಲ್ಫಿನಲ್ಲಿರುವ ನಮ್ಮ ಕರಾವಳಿಯ ಕುಟುಂಬಗಳು ಇದನ್ನು ಗಮನಿಸಬೇಕು.

ಈ ವಂಶದ ಇನ್ನೊಂದು ಗುಣ: ಆಸ್ಪತ್ರೆ ರೋಗಾಣುವಿನ ಹಾಗೆ ಹಲವು ಔಷಧಿಗಳನ್ನು ಎದುರಿಸುತ್ತದೆ, ಊರಿನ ರೋಗಾಣುವಿನ ಹಾಗೆ ಆರೋಗ್ಯವಂತರಲ್ಲೂ ಹರಡುತ್ತದೆ. ಅಂದರೆ ಆಸ್ಪತ್ರೆಗೂ ಮನೆಗೂ ನಡುವೆ ಇದ್ದ ಗೆರೆ ಅಳಿಸಿಹೋಗಿದೆ.

ಸಮಸ್ಯೆ ಎಷ್ಟು ದೊಡ್ಡದು? ಭಾರತದ 15 ಕೇಂದ್ರಗಳಲ್ಲಿ 2008 ಮತ್ತು 2009ರಲ್ಲಿ ನಡೆದ ಅಧ್ಯಯನದಲ್ಲಿ ರೋಗಿಗಳಿಂದ ಸಿಕ್ಕ ಸ್ಟ್ಯಾಫ್‌ಗಳಲ್ಲಿ ನೂರಕ್ಕೆ 40ರಷ್ಟು ಎಂಆರ್‌ಎಸ್‌ಎ ಆಗಿದ್ದವು. 2019ರಲ್ಲಿ ಜಗತ್ತಿನಾದ್ಯಂತ ಎಂಆರ್‌ಎಸ್‌ಎಯ ಔಷಧ ಪ್ರತಿರೋಧದಿಂದಲೇ ಒಂದು ಲಕ್ಷಕ್ಕೂ ಹೆಚ್ಚು ಸಾವುಗಳಾದವೆಂದು ಅಂದಾಜಿಸಲಾಗಿದೆ.

ನಾವು ಮಾಡುತ್ತಿರುವುದೇನು?

ಆಂಟಿಬಯೋಟಿಕ್ ಪ್ರತಿರೋಧವನ್ನು ಆರಿಸಿ ಬೆಳೆಸುತ್ತದೆ. ಮೈಯಲ್ಲಿರುವ ಕೋಟ್ಯಂತರ ರೋಗಾಣುಗಳಲ್ಲಿ ಬಗ್ಗುವಂಥವು ಸಾಯುತ್ತವೆ, ಬಗ್ಗದ ಕೆಲವು ಉಳಿದು ಖಾಲಿಯಾದ ಜಾಗವನ್ನೆಲ್ಲ ತುಂಬಿಕೊಳ್ಳುತ್ತವೆ. ನೆಗಡಿಗೆ, ಮೈಕೈ ನೋವಿಗೆ ಮೆಡಿಕಲ್ ಅಂಗಡಿಯಿಂದ ಕೇಳಿ ತಂದ ಮಾತ್ರೆಯೂ ನಿಮ್ಮ ಮೂಗಿನ ಸ್ಟ್ಯಾಫ್ ಮೇಲೆ ಇದೇ ಕೆಲಸ ಮಾಡುತ್ತದೆ. ವೈರಸ್‌ನಿಂದ ಬರುವ ನೆಗಡಿಗೆ ಅದರಿಂದ ಯಾವ ಲಾಭವೂ ಇಲ್ಲ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಸೆಫಿಕ್ಸಿಮ್ ಅಂತೂ ಎಂಆರ್‌ಎಸ್‌ಎ ಅಲ್ಲದ ಸ್ಟ್ಯಾಫ್ ಮೇಲೂ ಸರಿಯಾಗಿ ಕೆಲಸ ಮಾಡುವ ಔಷಧಿಯಲ್ಲ.

ಆದ್ದರಿಂದ ಗಾಯದಲ್ಲಿ ಕೀವಾದಾಗ, ವಿಶೇಷವಾಗಿ ಆಪರೇಷನ್ ಆದ ಮೇಲೆ, ಆಂಟಿಬಯೋಟಿಕ್ ಶುರುಮಾಡುವ ಮುನ್ನ "ಕಲ್ಚರ್ ಟೆಸ್ಟ್ ಬೇಕೇ ಡಾಕ್ಟ್ರೇ?" ಎಂದು ಕೇಳಿ. ಕೀವಿನಿಂದ ರೋಗಾಣುವನ್ನು ಬೆಳೆಸಿ, ಯಾವ ಔಷಧಿಗೆ ಅದು ಬಗ್ಗುತ್ತದೆ ಎಂದು ನೋಡುವ ಪರೀಕ್ಷೆಯಿದು. ಫಲಿತಾಂಶಕ್ಕೆ ಎರಡು ಮೂರು ದಿನ ಬೇಕು. ವರದಿಯಲ್ಲಿ ಔಷಧಿಯ ಮುಂದೆ 'ಎಸ್' ಇದ್ದರೆ ಅದು ನಾಟುತ್ತದೆ, 'ಆರ್' ಇದ್ದರೆ ನಾಟುವುದಿಲ್ಲ. 'ಸೆಫಾಕ್ಸಿಟಿನ್' ಎದುರು 'ಆರ್' ಎಂದಿದ್ದರೆ ಅದು ಎಂಆರ್‌ಎಸ್‌ಎ. ಆ ಕಾಗದವನ್ನು ಎಸೆಯಬೇಡಿ. ಮುಂದೆ ಯಾವ ಆಸ್ಪತ್ರೆಗೆ ಹೋದರೂ ತೋರಿಸಿ. ಎಂಆರ್‌ಎಸ್‌ಎ ಎಂದಾಕ್ಷಣ ಎದೆಗುಂದಬೇಕಾಗಿಲ್ಲ. ವ್ಯಾಂಕೊಮೈಸಿನ್, ಲಿನೆಝೋಲಿಡ್‌ನಂತಹ ಔಷಧಿಗಳಿವೆ. ಆದರೆ ವ್ಯಾಂಕೊಮೈಸಿನ್‌ಗೂ ಪೂರ್ತಿ ಬಗ್ಗದ ಸ್ಟ್ಯಾಫ್ 2002ರಲ್ಲಿ ಅಮೆರಿಕದಲ್ಲಿ ಕಂಡುಬಂದಿದೆ. ಇರುವ ಔಷಧಿಗಳನ್ನು ಹಾಳುಮಾಡಿಕೊಂಡರೆ ಮುಂದೆ ಕಷ್ಟ.

ರೋಗಿಯನ್ನು ನೋಡಲು ಹೋಗುವಾಗ

ರೋಗಿಯ ಸಂದರ್ಶನ ನಮ್ಮಲ್ಲಿ ಪುಣ್ಯದ ಕೆಲಸ. ಆ ಭೇಟಿಯಿಂದ ರೋಗಿಗೆ ಕೇಡಾಗಬಾರದು. ಸ್ಟ್ಯಾಫ್ ಮುಖ್ಯವಾಗಿ ಹರಡುವುದು ಕೈಗಳಿಂದ. ಒಣ ಬಟ್ಟೆ, ಪ್ಲಾಸ್ಟಿಕ್, ಮಂಚದ ಕಂಬಿಯ ಮೇಲೂ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಬದುಕುತ್ತದೆ.

• ಇಡೀ ಕುಟುಂಬ ಒಟ್ಟಿಗೆ ಹೋಗಬೇಡಿ. ಒಬ್ಬಿಬ್ಬರು ಹೋಗಿ, ಸ್ವಲ್ಪ ಹೊತ್ತಿದ್ದು ಬನ್ನಿ. ಸಣ್ಣ ಮಕ್ಕಳನ್ನು ಮನೆಯಲ್ಲೇ ಬಿಡಿ.

• ಒಳಹೋಗುವ ಮುನ್ನ ಮತ್ತು ಹೊರಬಂದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ. ವುಝೂ ಇದೆಯೆಂದು ಇದನ್ನು ಬಿಡಬೇಡಿ. ವುಝೂ ಮಾಡುವಾಗ ಕೈ, ಮೂಗು ಸ್ವಚ್ಛವಾಗುವುದು ಒಳ್ಳೆಯದೇ, ಆದರೆ ಬರೀ ನೀರು ಸೋಪಿನ ಕೆಲಸ ಮಾಡುವುದಿಲ್ಲ.

• ವಾರ್ಡಿನಲ್ಲಿಟ್ಟಿರುವ ಸ್ಯಾನಿಟೈಸರ್‌ನಲ್ಲಿ ಆಲ್ಕೊಹಾಲ್ ಇದೆಯೆಂದು ಕೆಲವರು ಹಿಂಜರಿಯುತ್ತಾರೆ. ಅದು ಕೈಗೆ ಹಚ್ಚುವ ಔಷಧಿ. ಸೌದಿ ಅರೇಬಿಯಾದ ಆಸ್ಪತ್ರೆಗಳಲ್ಲೂ ಬಳಕೆಯಲ್ಲಿದೆ. ಒಲ್ಲದವರು ಸೋಪು, ನೀರು ಬಳಸಲಿ. ಯಾವುದೂ ಇಲ್ಲದೆ ರೋಗಿಯನ್ನು ಮುಟ್ಟಬೇಡಿ.

• ರೋಗಿಯ ಮಂಚದ ಮೇಲೆ ಕೂರಬೇಡಿ. ಗಾಯದ ಪಟ್ಟಿ, ಡ್ರಿಪ್ ಸೂಜಿ, ನಳಿಕೆಗಳನ್ನು ಮುಟ್ಟಬೇಡಿ.

• ನಿಮಗೇ ಕುರು ಅಥವಾ ಕೀವಿನ ಗಾಯವಿದ್ದರೆ ಹೋಗಬೇಡಿ. ಫೋನಿನಲ್ಲಿ ವಿಚಾರಿಸಿ, ದುಆ ಮಾಡಿ.

ಮನೆಯಲ್ಲಿ ಟವೆಲ್, ರೇಜರ್, ಉಗುರು ಕತ್ತರಿ ಪ್ರತಿಯೊಬ್ಬರಿಗೂ ಬೇರೆಯಿರಲಿ. ಉಗುರು ಸಣ್ಣಗಿರಲಿ. ಕ್ಷೌರದಂಗಡಿಯಲ್ಲಿ ಹೊಸ ಬ್ಲೇಡ್ ಕೇಳಿ. ಮನೆಯಲ್ಲಿ ಒಬ್ಬರ ನಂತರ ಒಬ್ಬರಿಗೆ ಕುರುವಾಗುತ್ತಿದ್ದರೆ ಎಲ್ಲರೂ ಒಟ್ಟಿಗೆ ವೈದ್ಯರಿಗೆ ತೋರಿಸಿ.

ಕುರುವಿಗೆ ಮನೆಮದ್ದು ಸಾಕೇ?

ಯುನಾನಿಯಲ್ಲಿ ಕುರುವಿಗೆ 'ದುಮ್ಮಲ್' ಎನ್ನುತ್ತೇವೆ. ಸಣ್ಣ ಕುರುವಿಗೆ ಬಿಸಿ ಬಟ್ಟೆಯ ಶಾಖ ಕೊಟ್ಟರೆ ಅದು ಹಣ್ಣಾಗಿ ತಾನೇ ಒಡೆಯುತ್ತದೆ. ಹಿಂಡಬೇಡಿ, ಮುಖ್ಯವಾಗಿ ಮೂಗು ಮತ್ತು ಮೇಲ್ದುಟಿಯ ಸುತ್ತ. ದೊಡ್ಡ ಕುರುವನ್ನು ವೈದ್ಯರೇ ಕೊಯ್ದು ಕೀವು ತೆಗೆಯಬೇಕು. ಕೀವು ಒಳಗೇ ನಿಂತಿದ್ದರೆ ಯಾವ ಮಾತ್ರೆಯೂ ಸರಿಯಾಗಿ ತಲುಪುವುದಿಲ್ಲ.

ಜೇನು ಸ್ಟ್ಯಾಫನ್ನು ತಡೆಯುತ್ತದೆಂದು ಪ್ರಯೋಗಾಲಯಗಳಲ್ಲಿ ಕಂಡದ್ದು ನಿಜ. ಆದರೆ ಗಾಯಕ್ಕಾಗಿ ಶುದ್ಧೀಕರಿಸಿದ ಜೇನೇ ಬೇರೆ, ಅಡುಗೆಮನೆಯ ಜೇನೇ ಬೇರೆ. ಆಪರೇಷನ್ ಗಾಯಕ್ಕೆ ಜೇನು, ಅರಿಶಿನ, ಕರಿಜೀರಿಗೆ ಎಣ್ಣೆ ಏನನ್ನೂ ಸುರಿಯಬೇಡಿ. ಜ್ವರ, ನಡುಕ, ಕೆಂಪು ಹರಡುವುದು, ತಡೆಯಲಾಗದ ನೋವು, ಉಸಿರಾಟದ ವೇಗ ಕಂಡರೆ ನನ್ನಂತಹ ಹಕೀಮರ ಬಳಿ ಬರುವುದಲ್ಲ, ಕೂಡಲೇ ದೊಡ್ಡಾಸ್ಪತ್ರೆಗೆ ಹೋಗಬೇಕು. ರಕ್ತಕ್ಕೇರಿದ ಸ್ಟ್ಯಾಫ್ ಕಾಯುವುದಿಲ್ಲ.

ವೈದ್ಯರು ಬರೆದುಕೊಟ್ಟ ಆಂಟಿಬಯೋಟಿಕನ್ನು ಹೇಳಿದಷ್ಟು ದಿನ, ಹೇಳಿದ ಹೊತ್ತಿಗೆ ತೆಗೆದುಕೊಳ್ಳಿ. ಉಳಿದರೆ ಮುಂದಿನ ಕಾಯಿಲೆಗೆಂದು ಎತ್ತಿಡಬೇಡಿ, ನೆರೆಯವರಿಗೆ ಕೊಡಲೂಬೇಡಿ. ಅನ್ನ, ಬಟ್ಟೆ, ಹಣ ಹಂಚಿಕೊಳ್ಳಿ. ಆಂಟಿಬಯೋಟಿಕ್ ಮಾತ್ರ ಹಂಚಿಕೊಳ್ಳುವ ವಸ್ತುವಲ್ಲ.