ಚೌಕಿಯ ಪಾಠ ಕಚೇರಿಗೂ ಬೇಕು

ಮೂವತ್ತೈದು ವರ್ಷ ದುಡಿದ ಹಿರಿಯ ನೌಕರರೊಬ್ಬರು ನಿವೃತ್ತರಾಗುತ್ತಾರೆ. ಶಾಲು, ಹಾರ, ಹಣ್ಣಿನ ಬುಟ್ಟಿ, ನಾಲ್ಕು ಒಳ್ಳೆಯ ಮಾತು. ಕೊನೆಗೊಂದು ಗ್ರೂಪ್ ಫೋಟೋ. ಮರುವಾರ ಯಾವುದೋ ಹಳೆಯ ಕಡತದ ತೊಡಕು ಎದುರಾದಾಗ ಕಚೇರಿಯಲ್ಲಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. "ಅದು ಅವರಿಗೇ ಗೊತ್ತಿದ್ದದ್ದು" ಎಂಬ ಉತ್ತರ ಬರುತ್ತದೆ. ಮನುಷ್ಯನ ಜತೆ ಅವನ ಮೂವತ್ತೈದು ವರ್ಷಗಳ ತಿಳಿವಳಿಕೆಯೂ ಮನೆಗೆ ಹೋಗಿಬಿಟ್ಟಿರುತ್ತದೆ.

ಬಲ್ಲವನು ತನ್ನ ಬಲ್ಮೆಯನ್ನು ಜತೆಯವರಿಗೆ ಕೊಡುವಂತೆ ಮಾಡುವುದು ಹೇಗೆ? ದೊಡ್ಡ ಕಂಪೆನಿಗಳು ಇದಕ್ಕಾಗಿ ತರಬೇತಿ ಶಿಬಿರ, ಕೈಪಿಡಿ, ಕಂಪ್ಯೂಟರು ಎಂದು ಹಣ ಸುರಿಯುತ್ತವೆ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಜನ ಮಾತ್ರ ಇದರ ಉತ್ತರವನ್ನು ತಲೆಮಾರುಗಳಿಂದ ತಮ್ಮ ಗದ್ದೆಯಂಚಿನಲ್ಲೇ ಕಂಡಿದ್ದಾರೆ. ಅದು ಯಕ್ಷಗಾನ ಮೇಳದ ಚೌಕಿ.

ದುಡಿಮೆಯ ಜಾಗವೇ ಶಾಲೆ

ಮಂದಾರ್ತಿ, ಮಾರಣಕಟ್ಟೆ, ಕಮಲಶಿಲೆ, ಸೌಕೂರು, ಅಮೃತೇಶ್ವರೀ, ಸಾಲಿಗ್ರಾಮ ಎಂದು ಈ ಸೀಮೆಯ ಮೇಳಗಳ ಹೆಸರು ಹೇಳುತ್ತ ಹೋಗಬಹುದು. ಮಂದಾರ್ತಿ ಕ್ಷೇತ್ರವೊಂದರಿಂದಲೇ ಐದು ಮೇಳಗಳು ಹೊರಡುತ್ತವೆ. ನಾವು ಮೇಳವನ್ನು ಕಲೆ, ಹರಕೆ, ಭಕ್ತಿ ಎಂದೆಲ್ಲ ಕಾಣುತ್ತೇವೆ. ಆದರೆ ಒಳಗಿರುವವರಿಗೆ ಅದು ಉದ್ಯೋಗ. ಸುಗ್ಗಿ ಕಾಲದಿಂದ ಮಳೆ ಹಿಡಿಯುವವರೆಗೆ, ಸುಮಾರು ಆರು ತಿಂಗಳು, ದಿನಕ್ಕೊಂದು ಊರು. ತಿರುಗಾಟಕ್ಕೆ ಇಷ್ಟೆಂದು ಗೊತ್ತಾದ ಸಂಬಳ. ಮೇಲು ಕೆಳಗಿನ ಸ್ಥಾನಮಾನ. ಒಂದು ಕಾರ್ಖಾನೆಗಿರುವ ಲಕ್ಷಣಗಳೆಲ್ಲ ಇದಕ್ಕೂ ಇವೆ.

ಕಾರ್ಖಾನೆಯಲ್ಲಿ ಇಲ್ಲದ್ದು ಚೌಕಿ. ರಂಗಸ್ಥಳದ ಹಿಂದೆ, ತುಸು ದೂರದಲ್ಲಿ ಹಾಕಿದ ಬಣ್ಣದ ಮನೆ. ತಲೆಯ ಕಡೆ ದೇವರು, ದೀಪ. ಎರಡು ಸಾಲಿನಲ್ಲಿ ವೇಷಧಾರಿಗಳು. ಯಾರು ಎಲ್ಲಿ ಕೂರಬೇಕೆಂಬುದು ಅವರವರ ಸ್ಥಾನದ ಮೇಲೆ ನಿಶ್ಚಯ. ಆದರೆ ನಡುವೆ ಗೋಡೆಯಿಲ್ಲ, ಹಿರಿಯರಿಗೆ ಬೇರೆ ಕೋಣೆಯಿಲ್ಲ. ಬಾಲಗೋಪಾಲನ ವೇಷದ ಹುಡುಗ ಎರಡನೇ ವೇಷದವರ ಕೈಬೆರಳು ಹೇಗೆ ಓಡುತ್ತದೆಂದು ರಾತ್ರಿ ರಾತ್ರಿ ನೋಡುತ್ತಾನೆ. ಬಟ್ಟೆಯನ್ನು ಸುತ್ತಿ ಸುತ್ತಿ ಮುಂಡಾಸು ಕಟ್ಟುವ ಕ್ರಮ ಯಾವ ಪುಸ್ತಕ ಓದಿದರೂ ಬರುವಂಥದಲ್ಲ. ತಪ್ಪಿದರೆ, "ಹಾಂಗಲ್ಲ ಮಾಣಿ, ಇಲ್ ಕಾಣ್" ಎಂಬ ಒಂದು ಮಾತು. ಪಾಠ ಅಷ್ಟೇ.

ಮಾತುಗಾರಿಕೆಯೂ ಹೀಗೆಯೇ. ಪ್ರಸಂಗದಲ್ಲಿ ಬರೆದಿರುವುದು ಪದ್ಯ ಮಾತ್ರ. ಅರ್ಥವನ್ನು ವೇಷಧಾರಿ ಆ ಕ್ಷಣಕ್ಕೆ ಕಟ್ಟಬೇಕು. ಆದ್ದರಿಂದ ಕಿರಿಯ ಕಲಾವಿದ ಬಣ್ಣ ಹಚ್ಚುತ್ತಲೇ ಪ್ರಸಂಗದ ನಡೆಯನ್ನು ಭಾಗವತರಲ್ಲೋ ಎದುರು ವೇಷದವರಲ್ಲೋ ಕೇಳಿ ತಿಳಿಯುತ್ತಾನೆ. ಇಲ್ಲಿ ಕೇಳುವುದು ಅವಮಾನವಲ್ಲ, ಕೇಳದೆ ರಂಗಕ್ಕೆ ಹೋಗಿ ತಡವರಿಸುವುದೇ ಅವಮಾನ.

ಜಪಾನಿನ ರೊಟ್ಟಿಯ ಕಥೆ

ಬಾಯಲ್ಲಿ ಹೇಳಬಲ್ಲದ್ದಕ್ಕಿಂತ ಹೆಚ್ಚನ್ನು ಮನುಷ್ಯ ಬಲ್ಲ ಎಂಬ ವಿಚಾರವನ್ನು ಮೈಕೆಲ್ ಪೊಲಾನ್ಯಿ ಎಂಬ ಚಿಂತಕ 1966ರಲ್ಲಿ ಮುಂದಿಟ್ಟ. ಇದಕ್ಕೆ ಜಪಾನಿನ ಒಂದು ನಿದರ್ಶನ ಪ್ರಸಿದ್ಧ. 1980ರ ದಶಕದ ನಡುವಿನಲ್ಲಿ ಮತ್ಸುಶಿತಾ ಕಂಪೆನಿ ಮನೆಯಲ್ಲೇ ಬ್ರೆಡ್ ತಯಾರಿಸುವ ಯಂತ್ರ ಮಾಡಹೊರಟಿತು. ಎಷ್ಟು ಪ್ರಯೋಗ ಮಾಡಿದರೂ ಯಂತ್ರ ನಾದಿದ ಹಿಟ್ಟು ಸರಿಬರಲಿಲ್ಲ. ಕೊನೆಗೆ ಇಕುಕೊ ತನಾಕಾ ಎಂಬ ಉದ್ಯೋಗಿ ಒಸಾಕಾದ ಹೋಟೆಲೊಂದರ ಮುಖ್ಯ ಬೇಕರಿ ಕೆಲಸಗಾರರ ಪಕ್ಕ ನಿಂತು ಹಿಟ್ಟು ನಾದಲು ಕಲಿತರು. ಆ ಕುಶಲಿಗ ಹಿಟ್ಟನ್ನು ಎಳೆಯುವಾಗ ತಿರುಚುತ್ತಲೂ ಇದ್ದರು! ಅದನ್ನು ಗಮನಿಸಿ ಯಂತ್ರವನ್ನು ತಿದ್ದಿದ ಮೇಲೆ ಬ್ರೆಡ್ ಸರಿಯಾಯಿತು. ಯಂತ್ರ 1987ರಲ್ಲಿ ಮಾರುಕಟ್ಟೆಗೆ ಬಂತು. ಪಕ್ಕದಲ್ಲಿ ಕುಳಿತು ನೋಡಿ ಕಲಿಯುವ ಚೌಕಿಯ ಕ್ರಮವೂ ಇದೇ ಅಲ್ಲವೇ?

ಹಿರಿಯರು ಯಾಕೆ ಕೊಡುತ್ತಾರೆ?

ಮುಖ್ಯ ಪ್ರಶ್ನೆ ಇದು. ಕಚೇರಿಯಲ್ಲಿ ತನಗೆ ಗೊತ್ತಿರುವುದನ್ನು ಇನ್ನೊಬ್ಬರಿಗೆ ಹೇಳಿಕೊಟ್ಟರೆ ತನ್ನ ಬೆಲೆ ಕಡಿಮೆಯಾದೀತೆಂಬ ಭಯ ನೌಕರನಿಗಿದೆ. ನಾಳೆ ಬಡ್ತಿಯ ಸಾಲಿನಲ್ಲಿ ಕಲಿತವನೇ ಎದುರಾಳಿ. ಹಾಗಾಗಿ ತಿಳಿವಳಿಕೆ ಬೀಗ ಹಾಕಿದ ಕಪಾಟು ಸೇರುತ್ತದೆ.

ಮೇಳದ ಹಿರಿಯರು ದೇವತೆಗಳೇನಲ್ಲ. ಗುಟ್ಟು ಬಿಟ್ಟುಕೊಡದವರು, ನಾಲ್ಕು ಜನರೆದುರು ಗದರಿಸುವವರು ಅಲ್ಲಿಯೂ ಇರುತ್ತಾರೆ. ಆದರೂ ವಿದ್ಯೆ ಹರಿದುಬಂದಿದೆ. ಕಾರಣ ಸರಳ. ರಂಗಸ್ಥಳದಲ್ಲಿ ಯಾರೂ ಒಂಟಿಯಾಗಿ ಗೆಲ್ಲುವಂತಿಲ್ಲ. ಅಭಿಮನ್ಯು ಸೋತರೆ ದ್ರೋಣನ ದೃಶ್ಯವೂ ಬಿದ್ದುಹೋಗುತ್ತದೆ. ಮದ್ದಲೆಯವರು ತಾಳ ಬಿಟ್ಟರೆ ಎಷ್ಟೇ ದೊಡ್ಡ ವೇಷಧಾರಿಯೂ ಕುಣಿಯಲಾರ. ಕಿರಿಯನನ್ನು ತಯಾರು ಮಾಡುವುದರಲ್ಲಿ ಹಿರಿಯನ ಲಾಭವೇ ಇದೆ.

ಇನ್ನೊಂದು ಕಾರಣ, ಕಲಿತದ್ದನ್ನು ಆಡಿ ನೋಡಲು ಹೊಸಬನಿಗೆ ರಾತ್ರಿಯ ಮೊದಲ ಹೊತ್ತು ಮೀಸಲಿತ್ತು. ಕೋಡಂಗಿ, ಬಾಲಗೋಪಾಲ, ಪೀಠಿಕಾ ಸ್ತ್ರೀವೇಷ ಎಂದು ಪೂರ್ವರಂಗದ ಮೆಟ್ಟಿಲು ಏರಿಯೇ ಅವನು ಮೇಲೆ ಹೋಗಬೇಕು. ಹಾಡುಗಾರಿಕೆಯಲ್ಲಿಯೂ ಅಷ್ಟೆ. ಮೊದಲಿಗೆ ಕಿರಿಯ 'ಸಂಗೀತಗಾರ' ಹಾಡುತ್ತಾನೆ. ರಾತ್ರಿ ಏರಿದ ಮೇಲೆ ಮುಖ್ಯ ಭಾಗವತರು ಜಾಗಟೆ ಹಿಡಿಯುತ್ತಾರೆ. ಸಭೆ ತುಂಬುವ ಮುನ್ನವೇ ತಪ್ಪು ಮಾಡಿ ತಿದ್ದಿಕೊಳ್ಳುವ ಅವಕಾಶ ಅದು.

ಕತ್ತರಿ ಬಿದ್ದದ್ದು ಎಲ್ಲಿಗೆ?

ಹೀಗೆ ಹರಿದ ವಿದ್ಯೆಗೆ ಊರಿನ ಹೆಸರೇ ನಿಂತಿದೆ. ಬ್ರಹ್ಮಾವರದ ಹತ್ತಿರದ ಹಾರಾಡಿ ಮತ್ತು ಮಟಪಾಡಿ ಎರಡು ಬೇರೆ ಬೇರೆ ತಿಟ್ಟುಗಳನ್ನೇ ಕೊಟ್ಟವು. ನಾರ್ಣಪ್ಪ ಉಪ್ಪೂರರಲ್ಲಿ ಕಲಿತ ಗುಂಡ್ಮಿಯ ಕಾಳಿಂಗ ನಾವಡರು 1990ರಲ್ಲಿ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಮೂವತ್ತು ದಾಟಿತ್ತಷ್ಟೆ. ಆದರೆ ಅವರ ಹಾಡಿಕೆಯ ಜಾಡು ಅವರೊಂದಿಗೆ ಹೋಗಲಿಲ್ಲ. ಕೇಳಿ ಕಲಿತವರ ಕಂಠದಲ್ಲಿ ಉಳಿಯಿತು.

ಈಗ ಪ್ರೇಕ್ಷಕರಿಗೆ ರಾತ್ರಿಯಿಡೀ ಕೂರುವಷ್ಟು ಪುರುಸೊತ್ತಿಲ್ಲ. ಕಾಲಮಿತಿಯ ಆಟಗಳು ಹೆಚ್ಚುತ್ತಿವೆ. ಅದು ಕಾಲಧರ್ಮ, ಆಕ್ಷೇಪಿಸಿ ಫಲವಿಲ್ಲ. ಆದರೆ ಹೊತ್ತು ಉಳಿಸಲು ಕತ್ತರಿ ಹಿಡಿದಾಗ ಅದು ಮೊದಲು ಬೀಳುವುದು ಪೂರ್ವರಂಗದ ಮೇಲೆ. ನೋಡುವವರಿಗೆ ಅದು ಮುಖ್ಯ ಕಥೆಗೆ ಸಂಬಂಧವಿಲ್ಲದ ಭಾಗ; ಕಲಿಯುವವರಿಗೆ ಅದೇ ಶಾಲೆ. ಖರ್ಚು ಕಡಿತವೆಂದು ಕಚೇರಿಗಳು ಮೊದಲು ಕೈಬಿಡುವುದೂ ಹೊಸಬರು ಹಿರಿಯರ ಜತೆ ಕಳೆಯುವ ಹೊತ್ತನ್ನೇ.

ಈ ಕೊರತೆ ತುಂಬಲು ಯತ್ನಗಳು ನಡೆದಿವೆ. ಕೋಟದ ಶಿವರಾಮ ಕಾರಂತರ ಆಸ್ಥೆಯಿಂದ 1971ರಲ್ಲಿ ಉಡುಪಿಯಲ್ಲಿ ಯಕ್ಷಗಾನ ಕೇಂದ್ರ ಹುಟ್ಟಿತು. ಮಟಪಾಡಿ ವೀರಭದ್ರ ನಾಯಕ್, ಹಿರಿಯಡ್ಕ ಗೋಪಾಲ ರಾಯರಂಥ ಮೇಳದ ಅನುಭವಿಗಳೇ ಅಲ್ಲಿ ಗುರುಗಳಾದರು. ನವರಾತ್ರಿಯಲ್ಲಿ ಮಕ್ಕಳು ಮನೆಮನೆಗೆ ಹೋಗಿ ಅರ್ಥ ಹೇಳುವ ಹೂವಿನಕೋಲು ಕೂಡ ಮತ್ತೆ ಅಲ್ಲಲ್ಲಿ ಕಾಣುತ್ತಿದೆ. ಕೇಂದ್ರದಲ್ಲಿ ಹೆಜ್ಜೆ, ತಾಳ ಚೆನ್ನಾಗಿಯೇ ಬರುತ್ತದೆ. ಆದರೆ ಸಾವಿರ ಜನರ ಎದುರು ಮಾತು ತಪ್ಪಿದಾಗ ಸಾವರಿಸಿಕೊಳ್ಳುವ ವಿದ್ಯೆ ಬರುವುದು ಹಿರಿಯರ ಜತೆ ರಂಗದಲ್ಲಿ ನಿಂತಾಗ ಮಾತ್ರ.

ಕಚೇರಿ, ಬ್ಯಾಂಕು, ಕಾರ್ಖಾನೆ ನಡೆಸುವವರು ಚೌಕಿಯಿಂದ ಒಯ್ಯಬಹುದಾದದ್ದು ಹೆಚ್ಚೇನಿಲ್ಲ. ಹೊಸಬನನ್ನು ಬಲ್ಲವರ ಪಕ್ಕ ಕೂರಿಸಿ. ಸಣ್ಣ ತಪ್ಪಿಗೆ ಎಡೆ ಇರುವ ಕೆಲಸವನ್ನು ಮೊದಲು ಅವನ ಕೈಗೆ ಕೊಡಿ. ಅವನು ಗೆದ್ದಾಗ ಕಲಿಸಿದವರನ್ನೂ ಮರೆಯದೆ ಗುರುತಿಸಿ. ಹೇಳಿಕೊಟ್ಟವರಿಗೆ ನಷ್ಟವಿಲ್ಲ ಎಂಬುದು ಖಾತ್ರಿಯಾದರೆ ಬೀಗ ಹಾಕಿದ ಕಪಾಟು ತಾನಾಗಿ ತೆರೆಯುತ್ತದೆ. ಆಗ ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು ಮನೆಗೆ ಹೋಗುವುದು ಮನುಷ್ಯ ಮಾತ್ರ. ಅವನ ವಿದ್ಯೆ ಕಚೇರಿಯಲ್ಲಿ ಉಳಿಯುತ್ತದೆ.